ಬೀರಣ್ಣನ ಟೊಪ್ಪಿಗೆಗೆ ಕಲಾಯಿ

ಟೊಪ್ಪಿಗೆಯ ಮೇಲೆ ಕಿಲುಬು ಕಂಡದ್ದೇ ಎಲ್ಲದಕ್ಕೂ ಮೂಲ. ಅದು ಬೀರಣ್ಣನ ಕಣ್ಣಿಗೆ ಕಂಡಿದ್ದರೆ ಒಂದಿಷ್ಟು ಬೂದಿ ಹಚ್ಚಿ ತಿಕ್ಕಿ ಸುಮ್ಮನಾಗುತ್ತಿದ್ದ. ಕಂಡದ್ದು ಎದುರು ಮನೆಯ ಗಂಗಾಬಾಯಿಯ ಕಣ್ಣಿಗೆ. ಗಂಗಾಬಾಯಿ ಒಂದು ಕೆಲಸಕ್ಕೆ ಕೈ ಹಾಕಿದರೆ ಮುಗಿಸದೆ ಬಿಡುವವಳಲ್ಲ, ಕೆಲಸ ಯಾರದಾದರೂ ಸರಿ.

ಆಳಂದದಿಂದ ಖಜೂರಿಯ ಕಡೆ ಹೋಗುವ ರಸ್ತೆಯ ಮೇಲೆ ಮಾದನವಾಡಿ ಎಂಬ ಊರು. ಹತ್ತಿ ತುಂಬಿದ ಲಾರಿಗಳು ಮಹಾರಾಷ್ಟ್ರಕ್ಕೆ ಹೋಗುವುದು ಈ ದಾರಿಯಲ್ಲೇ, ಕ್ಲೀನರುಗಳು ಹತ್ತಿಯ ಮೇಲೆ ಆರಾಮಾಗಿ ಮಲಗಿ ಬೀಡಿ ಸೇದುವುದೂ ಈ ದಾರಿಯಲ್ಲೇ. ಹಾಗಾಗಿ ಸರ್ಕಾರ ಇಲ್ಲೊಂದು ಅಗ್ನಿಶಾಮಕ ಠಾಣೆ ಇಟ್ಟಿತ್ತು. ಅಲ್ಲಿ ಒಂದು ಕೆಂಪು ಗಾಡಿ ಇತ್ತು. ಗಡಿಯ ಜನ ಅದನ್ನು ಮರಾಠಿಯವರಂತೆ ಬಂಬ್ ಎನ್ನುತ್ತಿದ್ದರು. ಒಂದು ಗಂಟೆ ಇತ್ತು. ನಿಜಾಮರ ಕಾಲದಿಂದ ಉಳಿದುಬಂದ ಹಿತ್ತಾಳೆಯ ಟೊಪ್ಪಿಗೆಗಳಿದ್ದವು, ತಲೆಗೊಂದರಂತೆ, ಹಣೆಯ ಮೇಲೆ ನಂಬರು ಬಡಿದವು. ಒಂದೂ ಹೆಚ್ಚಿನದಿರಲಿಲ್ಲ.

ಬೀರಣ್ಣ ಈ ಠಾಣೆಯ ಲೀಡಿಂಗ್ ಫೈರ್‌ಮನ್. ಅಂದರೆ ಮೇಲಿನವರು ಬೈಯಬೇಕೆಂದಾಗ ಮೊದಲು ಹುಡುಕುವ ಮನುಷ್ಯ. ಉರಿಯುವ ಲಾರಿಯ ಮೇಲೆ ಹತ್ತಲು ಅವನು ಹೆದರಿದವನಲ್ಲ. ಅವನು ಹೆದರುತ್ತಿದ್ದದ್ದು ತನ್ನ ಮಗಳ ಅಳುವಿಗೆ. ಹೆಂಡತಿ ಹೀರಾಬಾಯಿ ಜೇವರ್ಗಿಯ ಶಾಲೆಯಲ್ಲಿ ಮಾಸ್ತರಬಾಯಿ. ನೌಕರಿ ಬಿಟ್ಟು ಬರುವ ಹಾಗಿಲ್ಲ. ಮಗಳು ಅಲ್ಲೇ ಹುಟ್ಟಿ ಅಂಬೆಗಾಲಿಡುವಷ್ಟು ಬೆಳೆದಿದ್ದಳು. ಬೀರಣ್ಣ ರಜೆ ಹಾಕಿ ಬಸ್ಸು ಬದಲಿಸಿ ಧೂಳು ಕುಡಿಯುತ್ತ ಅಲ್ಲಿಗೆ ಹೋದರೆ ಕೂಸು ಅವನ ಮೀಸೆ ನೋಡಿ ಕಿಟಾರನೆ ಕಿರುಚುತ್ತಿತ್ತು. ಮೊನ್ನೆಯಂತೂ ಹೀರಾಬಾಯಿ, "ಚೂರು ಹೊರಗ ಕೂಡ್ರಿ, ನೀವು ಕಂಡ್ರ ಕೂಸು ಹಾಲು ಕುಡೀವಲ್ದು" ಎಂದಿದ್ದಳು. ಅವನು ಕಟ್ಟೆಯ ಮೇಲೆ ಕೂತು, ಮಗಳಿಗೆಂದು ಒಯ್ದಿದ್ದ ಬಿಸ್ಕೀಟನ್ನು ಬೀದಿ ನಾಯಿಗೆ ಹಾಕಿ ಬಂದಿದ್ದ. ನಾಯಿ ಮಾತ್ರ ಅವನನ್ನು ಬಸ್‌ಸ್ಟ್ಯಾಂಡಿನವರೆಗೂ ಕಳಿಸಿಕೊಟ್ಟಿತ್ತು.

ಅದಕ್ಕೇ ಅವನು ಜೇವರ್ಗಿಗೆ ವರ್ಗ ಬೇಕೆಂದು ಅರ್ಜಿ ಕೊಟ್ಟಿದ್ದ. ಗುಲ್ಬರ್ಗಾದ ದೊಡ್ಡ ಸಾಹೇಬರು ಅದನ್ನು ಓದಿ, "ತಪಾಸಣೆಗೆ ಬರ್ತೀನಿ. ಠಾಣೆ ಚೆನ್ನಾಗಿದ್ದರೆ ಅಲ್ಲೇ ನಿಂತು ಸಹಿ ಹಾಕ್ತೀನಿ" ಎಂದಿದ್ದರು. ಸಾಹೇಬರು ಮೈಸೂರು ಕಡೆಯವರು. ಸಿಬ್ಬಂದಿಯ ಕಾರ್ಯಕ್ಷಮತೆ ಮತ್ತು ಸುರಕ್ಷತೆ ಎಂಬ ಎರಡು ಮಾತು ಅವರಿಗೆ ಊಟದಲ್ಲಿ ಉಪ್ಪು ಖಾರ ಇದ್ದಂತೆ. ಯಾವ ಠಾಣೆಗೆ ಹೋದರೂ ಒಬ್ಬನಿಗೆ ಶಾಭಾಸ್, ಒಬ್ಬನಿಗೆ ಶಿಕ್ಷೆ. ಎರಡೂ ಹಂಚದೆ ಅವರು ಜೀಪು ಹತ್ತಿದ ದಿನವೇ ಇರಲಿಲ್ಲ.

ಇವತ್ತು ಸಾಹೇಬರು ಬರುವ ದಿನ. ಯಾರಿಗೂ ತಿಳಿಸದೆ ಮಾಡುವ ತಪಾಸಣೆ ಎಂದು ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ಅವರ ಜೀಪಿನ ಡ್ರೈವರನ ಬೀಗರು ಮಾದನವಾಡಿಯವರು.

ಬೆಳಿಗ್ಗೆ ಎದ್ದವನೇ ಬೀರಣ್ಣ ತನ್ನ ಮಂದಿಯ ಬೂಟು, ಬೆಲ್ಟು, ಟೊಪ್ಪಿಗೆ ನೋಡುತ್ತ ಹೊರಟ. ಪಂಪು ನಡೆಸುವ ಶರಫುದ್ದೀನ ಅವನ ಜೀವದ ಗೆಳೆಯ. ಭಾರೀ ದೇಹ, ದೇಹಕ್ಕೆ ತಕ್ಕ ತಲೆ, ತಲೆಗೆ ತಕ್ಕ ನಗು.

"ಶರಫು, ಬೆಲ್ಟ್ ಜೋಲಾಡಾಕತ್ತದ ನೋಡು. ಬಿಗಿ ಮಾಡ್ಕೊ."

"ಬಿಗಿ ಮಾಡಿದ್ರ ಹೊಟ್ಟಿ ಮ್ಯಾಲ ಬರ್ತದ, ಬಿಟ್ರ ಕೆಳಗ ಹೋಗ್ತದ. ಸುರಕ್ಷತೆಗೆ ಯಾವ ಕಡಿ ಇರಬೇಕು ಅದನ್ನ ಹೇಳು."

"ಚಾಷ್ಟಿ ಬ್ಯಾಡೋ ಮಾರಾಯ. ಇವತ್ತ ಒಂದಿನ."

ಶರಫುದ್ದೀನ ನಗು ನಿಲ್ಲಿಸಿದ. "ನಂಗೊತ್ತದ ಬೀರಣ್ಣ. ನಿನ್ನ ಮಗಳು ನಿನ್ನ ಗುರ್ತು ಹಿಡೀಬೇಕಂದ್ರ ಇವತ್ತ ಎಲ್ಲಾ ಸೀದಾ ಇರಬೇಕು. ಇರ್ತದ. ನಾ ಇಲ್ಲೇನು."

ಡ್ರೈವರ್ ದೌಲತರಾಯ ಗಾಡಿಯಲ್ಲಿ ಸ್ಟೇರಿಂಗಿಗೆ ಕಾಲು ಕೊಟ್ಟು, ಬಿಸಿಲು ಬೀಳದಂತೆ ಟೊಪ್ಪಿಗೆಯನ್ನು ಮುಖದ ಮೇಲೆ ಮುಚ್ಚಿಕೊಂಡು ಮಲಗಿದ್ದ. ಅವನನ್ನು ಎಬ್ಬಿಸುವುದು ಬೆಂಕಿ ಆರಿಸುವುದಕ್ಕಿಂತ ಕಷ್ಟದ ಕೆಲಸ. ಬೀರಣ್ಣ ಎರಡು ಸಲ ಅಲುಗಿಸಿ, ಗಂಟೆ ಬಡಿದರೆ ಏಳುತ್ತಾನೆಂದು ಸಮಾಧಾನ ಮಾಡಿಕೊಂಡು ಒಳಗೆ ಬಂದ. ತನ್ನ ಟೊಪ್ಪಿಗೆ ತೆಗೆದುಕೊಳ್ಳಲು ಗೂಟಕ್ಕೆ ಕೈ ಹಾಕಿದ. ಅಲ್ಲಿ ಗೂಟ ಮಾತ್ರ ಇತ್ತು.

ಎದುರು ಮನೆಯ ಬಾಗಿಲಲ್ಲಿ ಗಂಗಾಬಾಯಿ ಜೋಳ ಹಸನು ಮಾಡುತ್ತ ಕೂತಿದ್ದಳು. ಹೆಂಡತಿ ಹತ್ತಿರವಿಲ್ಲದ ಬೀರಣ್ಣನಿಗೆ ದಿನಾ ರೊಟ್ಟಿ ಕೊಡುತ್ತಿದ್ದವಳು ಅವಳೇ. ಆ ಋಣದಲ್ಲಿ ಅವನ ಮೇಲೆ ಪೂರಾ ಅಧಿಕಾರ ತನ್ನದೆಂದು ತಿಳಿದಿದ್ದಳು.

"ಅಕ್ಕಾ, ನನ್ನ ಟೊಪಗಿ ಏನರೆ ಕಂಡ್ಯೇನು?"

"ನಾನ ಒಯ್ದೇನಿ ತಮ್ಮಾ. ಕಿಲುಬು ಏರಿತ್ತು. ಸಾಹೇಬ ನೋಡಿದ್ರ ಈ ಓಣ್ಯಾಗ ಹೆಣ್ಮಕ್ಕಳು ಸತ್ತಾರೇನು ಅಂದಾನು. ಚಮನಸಾಬ ಬೇವಿನ ಗಿಡದ ಬುಡಕ್ಕ ಭಟ್ಟಿ ಹೂಡ್ಯಾನ. ನಮ್ಮ ಭಾಂಡೆ ಸಂಗಟ ಕಲಾಯಿಗೆ ಕೊಟ್ಟ ಬಂದೀನಿ."

"ಟೊಪಗಿಗೆ ಯಾರರೆ ಕಲಾಯಿ ಹಾಕಸ್ತಾರೇನು ಅಕ್ಕಾ?"

"ಹಿತ್ತಾಳಿ ಅಂದ ಮ್ಯಾಲ ಕಲಾಯಿ ಬೇಕಪಾ. ಇಲ್ಲಂದ್ರ ಒಳಗ ಇಟ್ಟದ್ದು ಕೆಡ್ತದ."

ಒಳಗೆ ಇಡುವುದು ತನ್ನ ತಲೆ ಎಂದು ಬೀರಣ್ಣ ಹೇಳಲಿಲ್ಲ. ಹೇಳಿದ್ದರೆ ಅದು ಈಗಾಗಲೇ ಕೆಟ್ಟಿರುವ ಬಗ್ಗೆ ಅವಳು ಏನಾದರೂ ಅನ್ನುತ್ತಿದ್ದಳು. ಅವನು ಬೇವಿನ ಮರದ ಕಡೆ ಓಡಿದ. ಜೋಳದ ಮೊರ ಅಲ್ಲೇ ಬಿಟ್ಟು ಗಂಗಾಬಾಯಿಯೂ ಹಿಂದೆ ಬಂದಳು.

ಬೇವಿನ ಮರ ಠಾಣೆಯ ಮುಂದಿನ ಬಯಲಿನಲ್ಲೇ ಇತ್ತು. ಚಮನಸಾಬ ತಿದಿ ಒತ್ತುತ್ತ, ಕೆಂಡದ ಮೇಲಿಟ್ಟ ತಪ್ಪೇಲಿಗೆ ತವರ ಸವರುತ್ತಿದ್ದ. ಅವನಿಗೆ ಭಾಂಡೆಯನ್ನು, ಅಂದರೆ ಪಾತ್ರೆ ಪಡಗವನ್ನು, ಬಿಟ್ಟು ಲೋಕದಲ್ಲಿ ಬೇರೆ ವಸ್ತುವಿಲ್ಲ. ಹಿತ್ತಾಳೆಯದಾಗಿದ್ದು ಹೊಟ್ಟೆ ಟೊಳ್ಳಾಗಿದ್ದರೆ ಅವನ ಲೆಕ್ಕದಲ್ಲಿ ಅದು ಅಡಿಗೆಯದೇ.

"ಚಾಚಾ, ನನ್ನ ಟೊಪಗಿ ಎಲ್ಲಿಟ್ರಿ?"

"ಟೊಪಗಿ ನಾ ನೋಡಿಲ್ಲಪಾ. ಒಂದು ಭಾಂಡೆ ಬಂದಿತ್ತು. ಮಾಲು ಮಜಬೂತ್, ಆದ್ರ ಬುಡಕ್ಕ ಏಣು ಇತ್ತು, ನೆಲಕ್ಕ ಇಟ್ರ ನಿಂದರವಲ್ದು. ಒಳಗ ನೋಡಿದ್ರ ಚರ್ಮದ ಪಟ್ಟಿ. ಅನ್ನ ಉಣ್ಣೂ ಭಾಂಡೆದಾಗ ಚರ್ಮ ಯಾರು ಹೊಲದಾರೋ ಏನೋ, ತೋಬಾ ತೋಬಾ. ಕಿತ್ತು ಭಟ್ಟಿಗೆ ಹಾಕಿದೆ. ಚಲೋ ಉರೀತು."

ಬೀರಣ್ಣ ಭಟ್ಟಿಯೊಳಗೆ ಬಗ್ಗಿ ನೋಡಿದ. ಆ ಚರ್ಮದ ಪಟ್ಟಿಯೇ ಟೊಪ್ಪಿಗೆಯನ್ನು ತಲೆಯ ಮೇಲೆ ಹಿಡಿದಿಡುವುದು. ಇನ್ನು ಅದು ತಲೆಯ ಮೇಲೆ ಕೂತರೂ ಗಂಟೆಯ ಹಾಗೆ ಕೂತೀತು.

"ಹೋಗ್ಲಿ, ಭಾಂಡೆನ ಆಗ್ಲಿ. ಎಲ್ಲದ ಅದು?"

"ಸುಭದ್ರಾಬಾಯಿ ಮನ್ಯಾಗ ಸೊಸಿ ಕುಬಸ. ಅವ್ರ ಭಾಂಡೆನೂ ಇಲ್ಲೇ ಇದ್ದವು. ಬೀಗರು ಬಂದ್ರು, ಬೀಗರು ಬಂದ್ರು ಅಂತ ಗಡಬಡಿ ಮಾಡಿ ಎಲ್ಲಾ ಬಾಚ್ಕೊಂಡು ಹೋದ್ರು. ಬಿಸಿ ಇದ್ದದ್ದೂ ಬಿಡ್ಲಿಲ್ಲ."

ಸುಭದ್ರಾಬಾಯಿಯ ಮನೆ ಪಕ್ಕದ ಓಣಿಯಲ್ಲಿ. ಪಡಸಾಲೆ ತುಂಬ ಹೆಂಗಸರು. ತುಂಬಿದ ಬಸುರಿ ಸೊಸೆ ಸೀಮಂತದ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಕಿಣ್ಣಿ ಸುಲ್ತಾನದಿಂದ ತವರಿನವರು ಬುತ್ತಿ ಹೊತ್ತು ತಂದಿದ್ದರು. ಅವಳ ಮುಂದೆ ಹೋಳಿಗೆಯ ರಾಶಿ, ಅದರ ಪಕ್ಕದಲ್ಲಿ ಸಿಂಬೆಯ ಮೇಲೆ ಅಂಗಾತ ಕೂತಿತ್ತು ಬೀರಣ್ಣನ ಟೊಪ್ಪಿಗೆ. ಒಳಗೆ ಬೆಳ್ಳಿಯಂತೆ ಹೊಳೆಯುವ ಕಲಾಯಿ, ಅದರ ತುಂಬ ತುಪ್ಪ. ಹೊರಗೆ ಅರಿಷಿಣ ಕುಂಕುಮ.

ಮನೆಯಲ್ಲಿ ಹಿಂದೆಂದೂ ಕಾಣದ ಭಾಂಡೆ ಬೀಗರದೇ ಇರಬೇಕೆಂದು ಸುಭದ್ರಾಬಾಯಿ ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದಳು. "ನೋಡ್ರಿ ಬೇ, ನಮ್ಮ ಬೀಗರು ತಂದ ಭಾಂಡೆ. ಒಂದು ಕಡಿ ಅಂಚು ಹೆಂಗ ಉದ್ದ ಬಿಟ್ಟಾರ. ತುಪ್ಪ ಬಗ್ಗಸಾಕ ಅಂತ ಮಾಡಿದ್ದು."

ನೀರು ಕುತ್ತಿಗೆಗೆ ಇಳಿಯದಿರಲೆಂದು ಬಿಟ್ಟ ಅಂಚು ಅದು.

"ನಂಬರ ಯಾಕ ಹಾಕ್ಯಾರ?" ಎಂದಳು ಒಬ್ಬಳು.

"ಮನಿತುಂಬ ಭಾಂಡೆ ಇದ್ದವ್ರು ಹೆಸರು ಹಾಕಸಂಗಿಲ್ಲವಾ, ನಂಬರ ಹಾಕಸ್ತಾರ."

ಸೊಸೆಯ ತಾಯಿ ರುಕ್ಮಿಣಿಬಾಯಿ ಗೋಡೆಗೆ ಅಂಟಿ ಕೂತಿದ್ದಳು. ಬಡ ಹೆಂಗಸು, ತಂದ ಬುತ್ತಿ ಸಾಲೀತೋ ಇಲ್ಲವೋ ಎಂದು ಅಳುಕಿನಲ್ಲೇ ಬಂದವಳು. ಆ ಭಾಂಡೆ ತಮ್ಮದಲ್ಲವೆಂದು ಅವಳಿಗೆ ಗೊತ್ತಿತ್ತು. ಬೀಗಿತಿ ಅಷ್ಟು ಮಂದಿಯ ಮುಂದೆ ಹೊಗಳಿದ ಮೇಲೆ ಅಲ್ಲವೆನ್ನಲು ಬಾಯಿ ಬಂದಿರಲಿಲ್ಲ. ಮುಖದಲ್ಲಿ ಸಂತೋಷ ಅರ್ಧ, ಹೆದರಿಕೆ ಅರ್ಧ.

ಬೀರಣ್ಣ ಬಾಯಿ ತೆರೆದ. ಗಂಗಾಬಾಯಿ ಅವನ ತೋಳು ಚಿವುಟಿದಳು.

"ಈಗ ಮಾತಾಡಬ್ಯಾಡ ತಮ್ಮಾ. ಈಗ ಅದನ್ನ ತಗದ್ರ ತವರಮನಿಯವ್ರ ಮಾನ ಹೋಗ್ತದ. ಆ ಹುಡುಗಿ ಸಾಯೂತನಾ ಅತ್ತಿ ಕಡಿಂದ ಟೊಪಗಿ ಮಾತು ಕೇಳಬೇಕಾಗ್ತದ. ಆರತಿ ಆಗ್ಲಿ, ನಾ ಉಪಾಯ ಮಾಡಿ ಈಸ್ಕೋತೇನಿ."

ಬೀರಣ್ಣ ಮಣೆಯ ಮೇಲಿನ ಹುಡುಗಿಯನ್ನು ನೋಡಿದ. ಅವಳು ತನ್ನ ತಾಯಿಯ ಕಡೆ ನೋಡಿ ಹೆಮ್ಮೆಯಿಂದ ನಗುತ್ತಿದ್ದಳು. ನಾಳೆ ತನ್ನ ಮಗಳೂ ಹೀಗೇ ಒಂದು ಮಣೆಯ ಮೇಲೆ ಕೂತಾಳು ಎನಿಸಿತು. ಮನಸ್ಸು ಕರಗಿಹೋಯಿತು. ಇಂಥ ಮನಸ್ಸು ಇಟ್ಟುಕೊಂಡು ಸರ್ಕಾರಿ ನೌಕರಿ ಮಾಡಬಾರದು. ಆದರೆ ಅದನ್ನು ಅವನಿಗೆ ಹೇಳುವವರು ಯಾರು.

"ನಿಂತೀರ್ಯಾಕ, ಉಣ್ಣಾಕ ಕೂಡ್ರಿ" ಎಂದು ಸುಭದ್ರಾಬಾಯಿ ಅವನನ್ನು ಎಲೆಯ ಮುಂದೆ ಕೂಡಿಸಿದಳು. ಎರಡು ಹೋಳಿಗೆ ಬಿದ್ದವು. ಅವಳು ಟೊಪ್ಪಿಗೆ ಎತ್ತಿ ಉದ್ದನೆಯ ಅಂಚಿನಿಂದ ಧಾರಾಳವಾಗಿ ತುಪ್ಪ ಸುರಿದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಬೀರಣ್ಣ ತನ್ನ ಟೊಪ್ಪಿಗೆಯಿಂದ ತಾನೇ ತುಪ್ಪ ಹಾಕಿಸಿಕೊಂಡು ಉಣ್ಣತೊಡಗಿದ. ಹೆಂಗಸರು ಆರತಿಯ ಹಾಡು ಶುರು ಮಾಡಿದರು. ಹಾಡು ಮುಗಿಯಿತೆಂದು ಅವನು ಏಳುವಷ್ಟರಲ್ಲಿ, ತವರಿನವರದೊಂದು ಆಗಲೆಂದು ಮತ್ತೊಂದು ಶುರುವಾಯಿತು. ಅದು ಮುಗಿದರೆ ಅತ್ತೆಮನೆಯವರು ಹಿಂದೆ ಬೀಳುತ್ತಾರೆಯೇ.

ಮೂರನೆಯ ಹಾಡಿನ ನಡುವೆ ಠಾಣೆಯ ಗಂಟೆ ಬಡಿಯಿತು.

ಬೀರಣ್ಣ ಎಲೆ ದಾಟಿ ಹೊರಗೆ ಹಾರಿದ. ಹಿಂದಿನಿಂದ ಗಂಗಾಬಾಯಿ, "ನೀ ಓಡು, ನಾ ತರ್ತೇನಿ" ಎನ್ನುವುದು ಕೇಳಿಸಿತು. ಓಣಿಯ ಕೋಳಿ, ಆಡು, ಒಣಗಲು ಹಾಕಿದ ಸಂಡಿಗೆ ಎಲ್ಲವನ್ನೂ ದಾಟಿ ಠಾಣೆಯ ಹಿಂಬಾಗಿಲಿನಿಂದ ಒಳಹೊಕ್ಕ. ಮುಂದೆ ಸಾಹೇಬರ ಜೀಪು ನಿಂತಿತ್ತು. ಸಾಹೇಬರು ಗಡಿಯಾರ ಹಿಡಿದು ಗೇಟಿನ ಬಳಿ ನಿಂತಿದ್ದರು. ಅವರ ಹೇಳಿಕೆಯ ಮೇರೆಗೆ ಬಯಲಿನ ಆ ತುದಿಯಲ್ಲಿ ತೊಗರಿ ಕಟ್ಟಿಗೆಯ ರಾಶಿಗೆ ಬೆಂಕಿ ಹಚ್ಚಲಾಗಿತ್ತು. ಗಾಡಿ ಎಷ್ಟು ಬೇಗ ಹೊರಡುತ್ತದೆ, ಯಾರ ಮೈಮೇಲೆ ಏನು ರಕ್ಷಣೆ ಇದೆ, ಇದೇ ಪರೀಕ್ಷೆ.

ಶರಫುದ್ದೀನ ಬಾಗಿಲಲ್ಲೇ ಕಾದಿದ್ದ. "ಟೊಪಗಿ ಎಲ್ಲಿ?"

"ತುಪ್ಪದಾಗ" ಎಂದ ಬೀರಣ್ಣ. ಕಣ್ಣಲ್ಲಿ ನೀರು ಬಂತು.

ಶರಫುದ್ದೀನ ತನ್ನ ಟೊಪ್ಪಿಗೆ ತೆಗೆದು ಗೆಳೆಯನ ತಲೆಯ ಮೇಲೆ ಇಟ್ಟ. "ನನಗ ಯಾವ ವರ್ಗನೂ ಬೇಕಾಗಿಲ್ಲ. ಮನಿ ಇಲ್ಲೇ, ಹೆಂಡ್ತಿ ಇಲ್ಲೇ, ಬೀಗರು ಇಲ್ಲೇ. ಸಾಹೇಬ ನಾಕು ಮಾತು ಬೈತಾನ, ಬೈಲಿ. ನೀ ಮಗಳ ಕಡಿ ಹೋಗು."

ಗಂಟೆಯ ಸದ್ದಿಗೆ ದೌಲತರಾಯ ಬೆಚ್ಚಿಬಿದ್ದು ಎದ್ದಿದ್ದ. ಮುಖದ ಮೇಲಿದ್ದ ಟೊಪ್ಪಿಗೆ ಜಾರಿ ತಾನಾಗಿಯೇ ತಲೆಯ ಮೇಲೆ ಕೂತಿತ್ತು. ಗಾಡಿ ಗರ್ ಎಂದು ಹೊರಟಿತು.

ಶರಫುದ್ದೀನನ ಟೊಪ್ಪಿಗೆ ಶರಫುದ್ದೀನನ ತಲೆಗೆಂದೇ ಆರಿಸಿ ಕೊಟ್ಟದ್ದು. ಬೀರಣ್ಣ ಗಾಡಿಯಿಂದ ಧುಮುಕಿದ್ದೇ ತಡ, ಅದು ಮೂಗಿನವರೆಗೆ ಇಳಿಯಿತು. ಎರಡೂ ಕೈಯಲ್ಲಿ ನೀರಿನ ಕೊಳವೆ. ಟೊಪ್ಪಿಗೆ ಸರಿಸಲು ಮೂರನೆಯ ಕೈ ಇಲ್ಲ. ಪಂಪು ಶುರುವಾಯಿತು, ಕೊಳವೆ ಜಗ್ಗಿತು. ಕಣ್ಣಿಗೆ ಕತ್ತಲೆ. ಹೊಗೆಯ ವಾಸನೆ ಬಂದ ಕಡೆಗೆ ಅವನು ನೀರು ಬಿಟ್ಟ.

ಹೊಗೆ ಎರಡು ಕಡೆ ಇತ್ತು. ಅವನ ಮೂಗಿಗೆ ಮೊದಲು ಸಿಕ್ಕದ್ದು ಚಮನಸಾಬನ ಭಟ್ಟಿ. ಭುಸ್ ಎಂದು ಆವಿ ಎದ್ದಿತು. ಚಮನಸಾಬ ತಿದಿ ಬಿಟ್ಟು ಬೇವಿನ ಮರದ ಹಿಂದೆ ಹಾರಿದ. ಗಂಗಾಬಾಯಿಯ ತಪ್ಪೇಲಿ, ಕೊಳಗ, ಚರಿಗೆಗಳೆಲ್ಲ ಬಯಲ ತುಂಬ ಉರುಳಿದವು.

"ಬಲಕ್ಕ, ಬೀರಣ್ಣ, ಬಲಕ್ಕ" ಎಂದು ದೌಲತರಾಯ ಕೂಗಿದ. ನೀರು ಬಲಕ್ಕೆ ತಿರುಗಿ, ಸಾಹೇಬರ ಜೀಪನ್ನು ತೊಳೆದು, ಕಟ್ಟಿಗೆಯ ರಾಶಿಯ ಮೇಲೆ ಬಿತ್ತು. ಬೆಂಕಿ ಆರಿತು.

ಬೀರಣ್ಣ ಟೊಪ್ಪಿಗೆ ಮೇಲೆತ್ತಿ ನೋಡಿದ. ಸಾಹೇಬರು ತನ್ನ ಕಡೆಗೇ ನಡೆದು ಬರುತ್ತಿದ್ದರು. ಅವನು ಮನಸ್ಸಿನಲ್ಲೇ ಜೇವರ್ಗಿಗೆ ಕೈ ಮುಗಿದುಬಿಟ್ಟ.

"ಭೇಷ್ ಕಣಯ್ಯ" ಎಂದರು ಸಾಹೇಬರು. "ನಾನು ಹಚ್ಚಿಸಿದ ಬೆಂಕಿಯನ್ನ ಯಾರು ಬೇಕಾದರೂ ಆರಿಸ್ತಾರೆ. ಠಾಣೆಯ ಎದುರಿಗೇ, ಒಣಗಿದ ಮರದ ಕೆಳಗೆ ಒಬ್ಬ ಕೆಂಡ ಹಾಕ್ಕೊಂಡು ಕೂತಿದಾನೆ. ಅದು ನಿಜವಾದ ಅಪಾಯ. ನೀನು ಅದನ್ನ ಮೊದಲು ಗುರುತಿಸಿದೆ. ಇದು ದೃಷ್ಟಿ ಅಂದ್ರೆ."

ಏನೂ ಕಾಣದೆ ನೀರು ಬಿಟ್ಟಿದ್ದ ಬೀರಣ್ಣ ತಲೆ ತಗ್ಗಿಸಿದ. ಅದನ್ನು ಸಾಹೇಬರು ವಿನಯವೆಂದು ತಿಳಿದರು.

ಶಾಭಾಸ್ ಹಂಚಿಯಾಯಿತು, ಇನ್ನು ಶಿಕ್ಷೆ ಬಾಕಿ. ಸಾಹೇಬರು ಸುತ್ತಲೂ ಕಣ್ಣು ಹಾಯಿಸಿದರು. ಪಂಪಿನ ಬಳಿ ಶರಫುದ್ದೀನನ ಬೋಳುತಲೆ ಬಿಸಿಲಿಗೆ ದೂರದಿಂದಲೇ ಕರೆಯುವಂತೆ ಹೊಳೆಯುತ್ತಿತ್ತು.

"ಟೊಪ್ಪಿಗೆ ಎಲ್ಲಯ್ಯ?"

"ಮರ್ತು ಬಂದೀನ್ರಿ ಸಾಹೇಬ್ರ."

"ಅಗ್ನಿಶಾಮಕದವನು ತಲೆ ಮರೆತು ಬಂದ ಹಾಗೆ ಇದು. ನಿನ್ನಂಥವನನ್ನ ಸಲೀಸಾದ ಜಾಗದಲ್ಲಿ ಇಡಬಾರದು. ನಾಳೆಯಿಂದಲೇ ಇಲ್ಲಿಂದ ಎತ್ತಿ ಹಾಕ್ತೀನಿ. ಜೇವರ್ಗಿಗೆ ಹೋಗು. ಅಲ್ಲಿನ ಬಿಸಿಲಿಗೆ ಟೊಪ್ಪಿಗೆಯ ಬೆಲೆ ತಿಳಿಯುತ್ತೆ."

ಶರಫುದ್ದೀನನ ಮುಖ ಬಿಳಿಚಿಕೊಂಡಿತು. ಬೀರಣ್ಣ ಮುಂದೆ ಬಂದು ಕೈ ಜೋಡಿಸಿದ. "ಸಾಹೇಬ್ರ, ಜೇವರ್ಗಿಗೆ ನನ್ನದರೀ ಅರ್ಜಿ. ತಪಾಸಣೆ ಚಲೋ ಆದ್ರ ಸಹಿ ಮಾಡ್ತೇನಂದಿದ್ರಿ."

"ಹೇಳಿದ್ದೆ. ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿರಲಿಲ್ಲ. ನಿನ್ನಂಥವನನ್ನ ಕಳ್ಕೊಂಡು ಈ ಠಾಣೆ ಏನಾಗಬೇಕು? ನೀನು ಇಲ್ಲೇ ಇರಬೇಕು."

ಬೀರಣ್ಣನಿಗೆ ನೆಲ ಬಿರಿದಂತಾಯಿತು. ಆದರೆ ಮರುಕ್ಷಣವೇ ಒಂದು ಆಸೆ ಮೂಡಿತು. ಹೊಗಳಿಕೆಯಿಂದ ಸಿಗದ ಜೇವರ್ಗಿ ಶಿಕ್ಷೆಯಿಂದ ಸಿಗುವುದಾದರೆ, ಶಿಕ್ಷೆ ನಿಜವಾಗಿ ತನ್ನದೇ. ಗೆಳೆಯನೂ ಉಳಿದಾನು.

"ಸಾಹೇಬ್ರ, ಖರೇ ಹೇಳ್ತೇನಿ. ಟೊಪಗಿ ಕಳಕೊಂಡಾವ ನಾನು. ನನ್ನ ತಲಿ ಮ್ಯಾಲ ಇರೂದು ಶರಫುದ್ದೀನಂದು. ತಪ್ಪು ನಂದು, ಶಿಕ್ಷಾನೂ ನನಗ ಕೊಡ್ರಿ."

ಸಾಹೇಬರ ಕಣ್ಣು ತೇವವಾಯಿತು. "ನೋಡ್ರಪ್ಪ. ಕೈ ಕೆಳಗಿನವನ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ತಿದಾನೆ. ಇವನನ್ನ ಖಂಡಿತ ಬಿಡೋದಿಲ್ಲ."

ಅಷ್ಟರಲ್ಲಿ ಗಂಗಾಬಾಯಿ ಬಂದಳು. ಆರತಿ ಮುಗಿದಿತ್ತು. ಠಾಣೆಗೆ ದೊಡ್ಡ ಸಾಹೇಬರು ಬಂದಿದ್ದಾರೆ, ಬೀಗರು ತಂದ ಭಾಂಡೆಯಲ್ಲೇ ಅವರಿಗೆ ಹೋಳಿಗೆ ತುಪ್ಪ ಕಳಿಸಿದರೆ ಎರಡೂ ಮನೆಯ ಹೆಸರು ಮೇಲೆ ಬರುತ್ತದೆ ಎಂದು ಸುಭದ್ರಾಬಾಯಿಯ ಕಿವಿ ಊದಿ, ಟೊಪ್ಪಿಗೆಯನ್ನು ಸಲೀಸಾಗಿ ಹೊರಗೆ ತಂದಿದ್ದಳು. ಒಂದು ಕೈಯಲ್ಲಿ ಹೋಳಿಗೆಯ ತಾಟು, ಇನ್ನೊಂದು ಕೈಯಲ್ಲಿ ತುಪ್ಪದ ಟೊಪ್ಪಿಗೆ.

"ಉಣ್ರಿ ಸಾಹೇಬ್ರ. ಹಸಿದು ಬಂದೀರಿ."

ಸಾಹೇಬರಿಗೆ ಹೋಳಿಗೆಯ ಮೇಲೆ ಪ್ರೀತಿ. ಜೀಪಿನ ಬಾನೆಟ್ಟಿನ ಮೇಲೆ ತಾಟು ಇಟ್ಟು, ಒಂದು ಚೂರು ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಇನ್ನಷ್ಟು ತುಪ್ಪ ಸುರಿದುಕೊಳ್ಳಲೆಂದು ಪಾತ್ರೆ ಎತ್ತಿ ಬಗ್ಗಿಸಿದಾಗ ಕುಂಕುಮದ ಕೆಳಗೆ ನಂಬರು ಕಂಡಿತು. ಅವರು ಅಗಿಯುವುದನ್ನು ನಿಲ್ಲಿಸಿದರು.

"ಇದು ಇಲಾಖೆಯ ಟೊಪ್ಪಿಗೆ."

"ನನ್ನದರೀ" ಎಂದ ಬೀರಣ್ಣ ಉತ್ಸಾಹದಿಂದ. "ನನ್ನ ನಂಬರ ನೋಡ್ರಿ. ನನ್ನ ತಲಿ ಮ್ಯಾಲಿಂದೂ ನೋಡ್ರಿ, ಅದು ಶರಫುದ್ದೀನನ ನಂಬರ." ತಪ್ಪಿತಸ್ಥನೊಬ್ಬ ಇಷ್ಟು ಖುಷಿಯಿಂದ ಸಾಕ್ಷಿ ಒದಗಿಸಿದ್ದನ್ನು ಸಾಹೇಬರು ತಮ್ಮ ಸರ್ವಿಸಿನಲ್ಲೇ ನೋಡಿರಲಿಲ್ಲ.

ಅವರು ಎರಡೂ ನಂಬರು ನೋಡಿದರು. ಬಾಯಿ ಒರೆಸಿಕೊಂಡರು. ಮುಖ ಕೆಂಪೇರಿತು. "ಸುರಕ್ಷತಾ ಸಾಧನದಲ್ಲಿ ತುಪ್ಪ. ಒಳಗಿನ ಪಟ್ಟಿ ಕಿತ್ತು ತವರ ಬಳಿದಿದೀರಿ. ಬೀರಣ್ಣ, ತಪ್ಪು ನಿನ್ನದೇ."

"ಪೂರಾ ನಂದ ಅದರೀ."

"ಶಿಕ್ಷೆ ಆಗಲೇಬೇಕು."

"ಆಗ್ಲೇಬೇಕ್ರಿ. ಬಿಡಬ್ಯಾಡ್ರಿ ನನ್ನ. ಜೇವರ್ಗಿಗೆ ಒಗೀರಿ."

ಸಾಹೇಬರು ಪೆನ್ನು ತೆಗೆದರು. ಬೀರಣ್ಣನ ಕಣ್ಣ ಮುಂದೆ ಮಗಳು ಅಂಬೆಗಾಲಿಡುತ್ತ ಬಂದಳು. ಸಾಹೇಬರು ಪೆನ್ನು ತಡೆದರು.

"ಅಲ್ಲಯ್ಯ, ನೀನು ಅರ್ಜಿ ಕೊಟ್ಟಿರೋದೂ ಜೇವರ್ಗಿಗೇ ಅಲ್ವಾ?"

ಬೀರಣ್ಣ ತಲೆಯ ಮೇಲಿನ ಟೊಪ್ಪಿಗೆಯನ್ನು ಮತ್ತೆ ಮೂಗಿನವರೆಗೆ ಇಳಿಬಿಟ್ಟ.

"ಕೇಳಿದ ಊರು ಕೊಟ್ಟರೆ ಅದು ಬಹುಮಾನ. ಟೊಪ್ಪಿಗೆಯಲ್ಲಿ ತುಪ್ಪ ಇಟ್ಟವನಿಗೆ ಬಹುಮಾನ ಕೊಟ್ಟೆ ಅಂತ ನಾಳೆ ನನ್ನ ಮೇಲಿನವರು ನನ್ನನ್ನ ಕೇಳ್ತಾರೆ. ನಿನ್ನ ಅರ್ಜಿ ರದ್ದು. ನಾನಿರೋ ತನಕ ನೀನು ಇಲ್ಲೇ ಬಿದ್ದಿರಬೇಕು."

ಶರಫುದ್ದೀನ ಮೆಲ್ಲಗೆ, "ಹಂಗಂದ್ರ ನಾ ತಪ್ಪಿತಸ್ಥ ಅಲ್ರಿ ಸಾಹೇಬ್ರ?" ಎಂದ.

"ನಿನ್ನದು ಇನ್ನೂ ದೊಡ್ಡ ತಪ್ಪು. ಅವನು ಟೊಪ್ಪಿಗೆ ಕಳ್ಕೊಂಡ, ನೀನು ತಲೆಯ ಮೇಲಿದ್ದದ್ದನ್ನ ತೆಗೆದು ಇನ್ನೊಬ್ಬನಿಗೆ ಕೊಟ್ಟೆ. ಜೇವರ್ಗಿ ನಿನಗೇ."

ಮಿಕ್ಕ ಶಾಭಾಸ್ ಯಾರಿಗಾದರೂ ಕೊಡಲೇಬೇಕಲ್ಲ. ಗಂಟೆ ಬಡಿದ ಕ್ಷಣದಲ್ಲೇ ಟೊಪ್ಪಿಗೆ ಹಾಕಿಕೊಂಡು ಗಾಡಿಯಲ್ಲಿ ಸಿದ್ಧವಾಗಿ ಕೂತಿದ್ದವನೆಂದು ಅದು ದೌಲತರಾಯನ ಪಾಲಾಯಿತು. ಅವನು ಆಕಳಿಸುತ್ತ ಸೆಲ್ಯೂಟ್ ಹೊಡೆದ. ಸಾಹೇಬರು ಉಳಿದ ಹೋಳಿಗೆ ಮುಗಿಸಿ ಜೀಪು ಹತ್ತಿದರು.

ಸಂಜೆ ಗೆಳೆಯರಿಬ್ಬರೂ ಠಾಣೆಯ ಕಟ್ಟೆಯ ಮೇಲೆ ಕೂತರು. ಹೋಗಬೇಕೆಂದವನಿಗೆ ಊರು ಬಿಡುವ ಹಾಗಿಲ್ಲ, ಇರಬೇಕೆಂದವನಿಗೆ ಇರುವ ಹಾಗಿಲ್ಲ. ಬೀರಣ್ಣನಿಗೆ ದುಃಖ ತಡೆಯಲಾಗಲಿಲ್ಲ. "ನನ್ನ ಸಲುವಾಗಿ ನಿನ್ನ ಮನಿ ಮುರದ್ನೆಲ್ಲೋ ಶರಫು" ಎಂದು ಅತ್ತುಬಿಟ್ಟ.

"ಅಳಬ್ಯಾಡ. ನಿನ್ನ ಮಗಳನ್ನ ನಾ ಮಾತಾಡಸ್ಕೋತ ಇರ್ತೇನಿ" ಎಂದ ಶರಫುದ್ದೀನ.

ಕೊಟ್ಟ ಮಾತನ್ನು ಅವನು ಉಳಿಸಿಕೊಂಡ. ಜೇವರ್ಗಿಯಲ್ಲಿ ಹೀರಾಬಾಯಿಯ ಮನೆಯ ಹತ್ತಿರವೇ ಕೋಣೆ ಹಿಡಿದು ದಿನಾ ಸಂಜೆ ಕಟ್ಟೆಗೆ ಬಂದು ಕೂಸನ್ನು ಆಡಿಸುತ್ತಿದ್ದ. ಮುಂದಿನ ರಜೆಯಲ್ಲಿ ಬೀರಣ್ಣ ಹೋದಾಗ ಮಗಳು ಅವನ ಮೀಸೆ ನೋಡಿ ಕಿರುಚಿ, ಅಂಬೆಗಾಲಲ್ಲೇ ಧಾವಿಸಿ ಶರಫುದ್ದೀನನ ತೊಡೆ ಏರಿ ಅವನ ಹೆಗಲಿಗೆ ಮುಖ ಒತ್ತಿಕೊಂಡಳು. ಬೀರಣ್ಣ ಮತ್ತೆ ಬಿಸ್ಕೀಟು ಹಿಡಿದು ಕಟ್ಟೆಗೆ ಬಂದ. ನಾಯಿ ಕಾಯುತ್ತಿತ್ತು.

ಆ ಕಟ್ಟೆಯ ಮೇಲೆಯೇ ಅವನಿಗೊಂದು ಉಪಾಯ ಹೊಳೆಯಿತು. ಸಾಹೇಬರ ನ್ಯಾಯವೇ ಅಂಥದ್ದಾದರೆ, ಜೇವರ್ಗಿಯನ್ನು ಕೇಳಲೇಬಾರದು. ದೂರದ ಬೀದರನ್ನು ಕೇಳಬೇಕು, ಜೇವರ್ಗಿಯೊಂದು ಬೇಡವೆಂದು ಬೇಡಿಕೊಳ್ಳಬೇಕು. ಹಟಕ್ಕೆ ಬಿದ್ದು ಅಲ್ಲಿಗೇ ಒಗೆಯುತ್ತಾರೆ. ಶರಫುದ್ದೀನನಿಗೂ ಇದು ಹಿಡಿಸಿತು. ಮಾದನವಾಡಿಗೆ ಮರಳಿದವನೇ ಬೀರಣ್ಣ, ಬೀದರವೊಂದೇ ತನ್ನ ಜೀವದ ಆಸೆ ಎಂದು ಮನ ಕರಗುವಂತೆ ಅರ್ಜಿ ಬರೆದು ಕಳಿಸಿದ.

ಅರ್ಜಿ ಗುಲ್ಬರ್ಗಾ ಮುಟ್ಟುವಷ್ಟರಲ್ಲಿ ದೊಡ್ಡ ಸಾಹೇಬರಿಗೇ ವರ್ಗವಾಗಿತ್ತು. ಹೊಸದಾಗಿ ಬಂದ ಸಾಹೇಬರು ಬಹಳ ಒಳ್ಳೆಯವರು. ಬಡ ಸಿಬ್ಬಂದಿ ಕೇಳಿದ ಊರನ್ನು ಯಾಕೆ ಕೊಡಬಾರದು ಎನ್ನುವ ಧರ್ಮಾತ್ಮರು. ಓದಿದ ದಿನವೇ ಸಹಿ ಹಾಕಿದರು.

ಬೀದರದ ಆರ್ಡರು ಕೈಯಲ್ಲಿ ಹಿಡಿದು ಬೀರಣ್ಣ ಕಲ್ಲಿನಂತೆ ಕೂತಿದ್ದ. ತಮ್ಮನಿಗೆ ಕಡೆಗೂ ಕೇಳಿದ ಊರು ಸಿಕ್ಕಿತೆಂದು ಗಂಗಾಬಾಯಿ ಓಣಿಯ ಮನೆಮನೆಗೂ ಹೋಗಿ ಸಕ್ಕರೆ ಹಂಚುತ್ತಿದ್ದಳು. ಸಕ್ಕರೆ ತುಂಬಿಕೊಂಡು ಹೋಗಿದ್ದದ್ದು ಕಲಾಯಿ ಹಾಕಿಸಿದ ಆ ಟೊಪ್ಪಿಗೆಯಲ್ಲಿ.